ಅಧ್ಯಕ್ಷರ ಯಜಮಾನರು

ಗಂಗಾಧರಯ್ಯ ಗ್ರಾಮ ಪಂಚಾಯಿತಿ ಚುನಾವಣೆಗೆ ಎರಡು ಸಲ ನಿಂತು ಎರಡು ಸಲವೂ ಸೋತಿದ್ದ. ಎರಡನೆಯ ಸಲವಂತೂ ಎಣಿಕೆ ಮುಗಿಯುವ ಮೊದಲೇ ಗೆದ್ದೆನೆಂದುಕೊಂಡು ಕೊರಟಗೆರೆಯಿಂದ ಹಾರ ತರಿಸಿಟ್ಟಿದ್ದ. ಆ ಹಾರವನ್ನು ಆಮೇಲೆ ದೇವರ ಫೋಟೋಕ್ಕೆ ಹಾಕಿದರು.

ಮೂರನೆಯ ಸಲಕ್ಕೆ ಅವನ ವಾರ್ಡು ಹೆಂಗಸರಿಗೆ ಮೀಸಲಾಯಿತು. ಅವನು ಹೆಂಡತಿ ವನಜಾಕ್ಷಿಯನ್ನು ನಿಲ್ಲಿಸಿದ. ಕರಪತ್ರದಲ್ಲಿ ಅವಳ ಫೋಟೋ ಪಕ್ಕ ತನ್ನದನ್ನೂ ಹಾಕಿಸಿದ, ಅವಳದಕ್ಕಿಂತ ಒಂದಿಷ್ಟು ದೊಡ್ಡದಾಗಿಯೇ. ಮನೆಮನೆಗೆ ಹೋದಾಗ ಮಾತೆಲ್ಲ ಅವನದು. ಅವಳು ಕೈಮುಗಿದು ಹಿಂದೆ ನಿಲ್ಲುತ್ತಿದ್ದಳು. ಅವಳು ಗೆದ್ದಳು. ಗೆದ್ದದ್ದು ಅವನಿಗೆ ಸಂತೋಷವೇ. ಆದರೆ ಅವಳು ಗೆದ್ದ ಅಂತರ ಎಷ್ಟಿತ್ತೆಂದರೆ, ಎದುರಿಗೆ ನಿಂತವರು ಠೇವಣಿ ಕಳೆದುಕೊಂಡರು. ಮಾರನೆಯ ದಿನ ಬಸ್ ನಿಲ್ದಾಣದಲ್ಲಿ ಯಾರೋ, "ಗಂಗಣ್ಣಂಗೆ ಬೀಳ್ದೇ ಇದ್ದ ಓಟೆಲ್ಲ ವನಜಕ್ಕಂಗೆ ಬಿದ್ವು ಕಣ್ಲಾ," ಎಂದು ನಕ್ಕಿದ್ದು ಅವನ ಕಿವಿಗೆ ಬಿತ್ತು. ಅವನೂ ನಕ್ಕ. ಮನೆ ಮುಟ್ಟುವಷ್ಟರಲ್ಲಿ ಆ ನಗು ಆರಿಹೋಗಿತ್ತು.

ಅಧ್ಯಕ್ಷ ಸ್ಥಾನವೂ ಹೆಂಗಸರಿಗೇ ಮೀಸಲಾಗಿತ್ತು. ಆ ಸ್ಥಾನ ಕೇಳಿದ ಮೂವರು ಹೆಂಗಸರಲ್ಲಿ ಹೆಚ್ಚು ಸದಸ್ಯರು ವನಜಾಕ್ಷಿಯನ್ನು ಒಪ್ಪಿ, ಹೋದ ಫೆಬ್ರುವರಿಯಲ್ಲಿ ಅವಳು ಹುಣಸೇಗುಟ್ಟೆ ಪಂಚಾಯಿತಿಯ ಅಧ್ಯಕ್ಷೆಯಾದಳು. ಹೊಳವನಹಳ್ಳಿ ದಾಟಿ ಒಳಗೆ ಸಿಗುವ ಊರು ಅದು. ಬಸ್ ನಿಲ್ಲುವ ಜಾಗದಲ್ಲಿ ಪಂಚಾಯಿತಿಯದೇ ಒಂದು ಸಾಲು ಅಂಗಡಿ, ಎದುರಿಗೆ ಗಂಗಾಧರಯ್ಯ ಬಾಡಿಗೆಗೆ ಕೊಟ್ಟಿದ್ದ ಮೂರು ಅಂಗಡಿ. ಅವನದು ಕಡಲೆಕಾಯಿ ವ್ಯಾಪಾರ. ಸುತ್ತಿನ ಹಳ್ಳಿಗಳಲ್ಲಿ ಕೊಂಡು ಶಿರಾದ ಮಿಲ್ಲುಗಳಿಗೆ ಸಾಗಿಸುತ್ತಿದ್ದ. ಆ ಮೊದಲ ದಿನಗಳಲ್ಲಿ ಮಾತ್ರ ವ್ಯಾಪಾರಕ್ಕಿಂತ ಪಂಚಾಯಿತಿ ಕಚೇರಿಯಲ್ಲೇ ಹೆಚ್ಚು ಹೊತ್ತು ಇರುತ್ತಿದ್ದ. ಅಧ್ಯಕ್ಷರ ಕುರ್ಚಿಯ ಪಕ್ಕಕ್ಕೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಬಂದ ಕಾಗದವನ್ನು ತಾನು ಓದಿ, "ಇಲ್ಲಿ ಹಾಕು," ಎಂದು ಬೆರಳಿಡುತ್ತಿದ್ದ. ವನಜಾಕ್ಷಿ ಸಹಿ ಹಾಕುತ್ತಿದ್ದಳು. ಅವಳ ಫೋನಿಗೆ ಕರೆ ಬಂದರೆ ಎತ್ತಿಕೊಂಡು, "ಅಧ್ಯಕ್ಷರ ಯಜಮಾನರು ಮಾತಾಡ್ತಿರೋದು, ಹೇಳಿ," ಎನ್ನುತ್ತಿದ್ದ. ಹಾಗೆ ಹೇಳುವಾಗ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಏಪ್ರಿಲ್ ಕೊನೆಗೆ ಎರಡನೆಯ ಲಾಕ್‌ಡೌನ್ ಬಂತು. ಮಿಲ್ಲುಗಳು ನಿಂತವು, ಬಸ್ಸುಗಳು ನಿಂತವು. ಪಂಚಾಯಿತಿಯವರೇ ಆಟೋಕ್ಕೆ ಮೈಕು ಕಟ್ಟಿ ಅಂಗಡಿ ಮುಚ್ಚಿ ಎಂದು ಸಾರಿಸಿದರು. ಗಂಗಾಧರಯ್ಯನಿಗೆ ಕೆಲಸವಿಲ್ಲದೆ ಜಗಲಿಯೇ ಗತಿಯಾಯಿತು.

ಒಂದು ಮಧ್ಯಾಹ್ನ ಹೋಟೆಲಿನ ಬಸವಮ್ಮ ಬಂದಳು. ಪಂಚಾಯಿತಿ ಸಾಲಿನ ಮೊದಲನೆಯ ಮಳಿಗೆ ಅವಳದು, ಬೆಳಗಿನ ಇಡ್ಲಿ, ಚಿತ್ರಾನ್ನದ ವ್ಯಾಪಾರ.

"ಅಧ್ಯಕ್ಷರಮ್ಮ ಅವ್ರಾ?" ಎಂದಳು.

"ಏನ್ ಬಸಮ್ಮ, ನಂಗೇ ಹೇಳು. ಎಲ್ಲಾನೂ ನಾನೇ ನೋಡೋದು."

ಬಸವಮ್ಮ ಮಾಸ್ಕನ್ನು ಗಲ್ಲಕ್ಕೆ ಎಳೆದುಕೊಂಡಳು. "ನಿಂಗಲ್ಲ ಕಣಪ್ಪ. ನಾ ಓಟು ಹಾಕಿದ್ದು ಅವ್ವಂಗೆ. ಅವ್ವಂಗೇ ಹೇಳ್ಕತೀನಿ," ಎಂದು ಅವನನ್ನು ದಾಟಿ ಒಳಗೆ ಹೋದಳು.

ಅವನಿಗೆ ಒಳಗಿನ ಮಾತು ಕೇಳಿಸುತ್ತಿತ್ತು. ಒಲೆ ಹಚ್ಚಿ ತಿಂಗಳಾಯಿತು, ಪಾರ್ಸಲ್ ಕೊಡಬಹುದು ಅಂತಾರೆ, ಈ ಊರಲ್ಲಿ ಇಡ್ಲಿ ಪಾರ್ಸಲ್ ಯಾರು ಕಟ್ಟಿಸಿಕೊಳ್ಳುತ್ತಾರೆ, ಬಿಲ್ ಕಲೆಕ್ಟರು ಬಾಡಿಗೆಗೆ ಬಂದು ನಿಲ್ಲುತ್ತಾನೆ, ಕಟ್ಟದಿದ್ದರೆ ಮಳಿಗೆಯನ್ನು ಮತ್ತೆ ಹರಾಜಿಗೆ ಹಾಕುತ್ತಾರಂತೆ. ಇಷ್ಟು ಹೊತ್ತಿಗೆ ವನಜಾಕ್ಷಿ ಎಂದಿನಂತೆ, ನಮ್ಮನೆಯವರನ್ನ ಕೇಳಿ ಹೇಳ್ತೀನಿ, ಅನ್ನಬೇಕಿತ್ತು. ಅವನು ಆ ಮಾತಿಗೆ ಕಿವಿಯಾನಿಸಿ ಕೂತಿದ್ದ.

"ಸಭೇಲಿ ಇಡ್ತೀನಿ ಬಸಮ್ಮ," ಎಂದಳು ವನಜಾಕ್ಷಿ. "ಏನಾಗ್ತದೋ ಗೊತ್ತಿಲ್ಲ. ಇಡೋದಂತೂ ಇಡ್ತೀನಿ."

ಬಸವಮ್ಮ ಹೋದ ಮೇಲೆ ಅವನು ಒಳಗೆ ಬಂದ. "ಪಂಚಾಯ್ತಿಗೆ ಬರೋದೇ ಅಷ್ಟು. ಅದನ್ನೂ ಬುಟ್ರೆ ಬೀದಿ ದೀಪಕ್ಕೆ ಎಲ್ಲಿಂದ ತರ್ತೀಯ? ಅದೆಲ್ಲ ನಿಂಗೆ ತಿಳಿಯಲ್ಲ ಬುಡು."

"ತಿಳ್ಕತೀನಿ," ಎಂದು ಅವಳು ಅವನೆದುರಿಗೇ ಫೋನು ತೆಗೆದು, ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ಬಿಂದುಶ್ರೀಗೆ ಕರೆ ಮಾಡಿದಳು. ಬಿಂದುಶ್ರೀ ಪರೀಕ್ಷೆ ಬರೆದು ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿ. ಇವರಿಬ್ಬರೂ ಅಷ್ಟು ಸಲೀಸಾಗಿ, ನಗುತ್ತಾ ಮಾತಾಡಿಕೊಳ್ಳುತ್ತಾರೆಂಬುದು ಗಂಗಾಧರಯ್ಯನಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಮುಂದಿನ ವಾರ ಸಭೆ ನಡೆಯಿತು. ಕಾಯಿಲೆಯ ಕಾಲವಾದ್ದರಿಂದ ಸದಸ್ಯರನ್ನು ಬಿಟ್ಟು ಯಾರೂ ಒಳಗೆ ಬರಬಾರದು ಎಂದು ಬಿಂದುಶ್ರೀ ಬಾಗಿಲಲ್ಲೇ ಹೇಳಿದಳು. ಹೇಳುವಾಗ ಅವನ ಮುಖ ನೋಡಲಿಲ್ಲ. ಅವನು ಹೊಂಗೆ ಮರದ ಕೆಳಗೆ ಬೈಕಿನ ಮೇಲೆ ಕೂತ. ಕಿಟಕಿಗಳೆಲ್ಲ ತೆರೆದಿದ್ದವು. ಮಾತು ಕೇಳಿಸುತ್ತಿರಲಿಲ್ಲ, ಆದರೆ ವನಜಾಕ್ಷಿ ಎದ್ದು ನಿಂತದ್ದು ಕಾಣುತ್ತಿತ್ತು. ಅವಳು ಬಲಗೈಯನ್ನು ಮುಂದೆ ಚಾಚಿ, ತಿರುಗಿಸಿ, ಮೇಜಿನ ಮೇಲೆ ಮೆಲ್ಲಗೆ ಬಡಿದು ಮಾತಾಡುತ್ತಿದ್ದಳು. ಮನೆಯಲ್ಲಿ ಅವಳು ಒಂದು ದಿನವೂ ಕೈ ಆಡಿಸಿ ಮಾತಾಡಿದವಳಲ್ಲ. ಅವನು ಆ ಕೈಯನ್ನೇ ನೋಡುತ್ತಿದ್ದ. ಅವಳು ಬೇರೆ ಯಾರದೋ ಮನೆಯವಳಂತೆ ಕಂಡಳು, ತಾನು ದಾರಿಹೋಕನಂತೆ.

ಸಭೆ ಮುಗಿದು ಮೊದಲು ಹೊರಗೆ ಬಂದವನು ಸದಸ್ಯ ಚೇತನ್ ಕುಮಾರ್. "ಗಂಗಣ್ಣ, ಅಕ್ಕ ಇವತ್ತು ಗೆದ್ದುಬುಟ್ರು," ಎಂದ. "ಮನ್ನಾ ಮಾಡಕೆ ನಮಗೆ ಅಧಿಕಾರ ಇಲ್ಲ ಅಂದ್ರು ಮೇಡಂ. ಅದಕ್ಕೆ ಅಕ್ಕ, ಮನ್ನಾ ಬ್ಯಾಡ, ನಿಲ್ಸಕೆ ಐತಾ ಅಂದ್ರು. ಮೇಡಂ ಪುಸ್ತಕ ಎಲ್ಲ ತಿರುವಿ ಹಾಕಿ, ನಮ್ಮ ಮಳಿಗೆ, ನಮ್ಮ ವಸೂಲಿ, ನಿಲ್ಸಬೋದು, ಮೇಲಕ್ಕೆ ಬರ್ದು ತಿಳಿಸ್ಬೇಕು ಅಂದ್ರು. ಬಾಗಿಲು ಹಾಕಿರೋ ಗಂಟ ಬಾಡಿಗೆ ಕೇಳಂಗಿಲ್ಲ, ಯಾರ್ನೂ ಖಾಲಿ ಮಾಡ್ಸಂಗಿಲ್ಲ. ಎಲ್ರೂ ಕೈ ಎತ್ತಿದ್ವಿ. ನಿಮಗೆ ಆಗದೇ ಇರೋರೂ ಎತ್ತಿದ್ರು."

"ನಾನೇ ಹೇಳ್ಕೊಟ್ಟಿದ್ದು," ಎಂದ ಗಂಗಾಧರಯ್ಯ.

ಚೇತನ್ ಅವನನ್ನು ಒಂದು ಗಳಿಗೆ ನೋಡಿದ. "ಹೌದಾ? ಅಕ್ಕ ಬೇರೆ ಥರ ಅಂದ್ರಲ್ಲ. ನಮ್ಮನೆಯವ್ರಿಗೆ ಇದು ಒಪ್ಪಿಗೆ ಇಲ್ಲ, ಆದ್ರೂ ಇಡ್ತಿದೀನಿ ಅಂತ ಅಂದ್ರು."

ಗಂಗಾಧರಯ್ಯ ಬೈಕ್ ಶುರು ಮಾಡಿ ಹೊರಟುಬಿಟ್ಟ. ವನಜಾಕ್ಷಿ ಬಿಸಿಲಲ್ಲಿ ನಡೆದೇ ಮನೆಗೆ ಬಂದಳು. ಯಾಕೆ ಬಿಟ್ಟು ಬಂದಿರಿ ಎಂದು ಅವಳು ಕೇಳುತ್ತಾಳೆ, ಆಗ ಹೇಳೋಣ ಎಂದು ಅವನು ಮಾತು ಸಿದ್ಧಮಾಡಿಕೊಂಡಿದ್ದ. ಅವಳು ಕೇಳಲಿಲ್ಲ. ಕಾಲು ತೊಳೆದು, ನೀರು ಕುಡಿದು, ಪಾವಗಡದ ಕಡೆಯ ತವರಿಗೆ ಫೋನು ಮಾಡಿದಳು. ತಾಯಿಯ ಹತ್ತಿರ ಅವಳ ಮಾತು ಯಾವಾಗಲೂ ಅರ್ಧ ತೆಲುಗು. "ಅವುನಮ್ಮಾ, ನೇನೇ ಚೆಪ್ಪಿನಾ. ಅಂದರೂ ಚೇಯಿ ಎತ್ತಿನಾರು," ಎನ್ನುತ್ತಿದ್ದಳು. ಇಷ್ಟು ವರ್ಷದಲ್ಲಿ ಅವನಿಗೂ ಅಷ್ಟು ತೆಲುಗು ತಿಳಿಯುತ್ತಿತ್ತು. ನಾನೇ ಹೇಳಿದೆ, ಎಲ್ಲರೂ ಕೈ ಎತ್ತಿದರು. ಆ "ನೇನೇ" ಅವನ ಕಿವಿಯಲ್ಲಿ ಸಂಜೆಯವರೆಗೂ ಕೂತಿತ್ತು.

ಆಮೇಲೆ ಒಂದರ ಹಿಂದೆ ಒಂದು ಬಂತು. ಪಂಚಾಯಿತಿ ಮಳಿಗೆಯ ದರ್ಜಿ ಖಲೀಲುಲ್ಲಾ ಉಳಿಕೆ ಬಟ್ಟೆಯಲ್ಲಿ ಚೊಕ್ಕವಾಗಿ ಮಾಸ್ಕುಗಳನ್ನು ಹೊಲಿದು, "ಅಧ್ಯಕ್ಷರಿಗೆ ಕೊಡಿ ಸಾಬ್," ಎಂದು ಅವನ ಕೈಗೆ ಕೊಟ್ಟು ಹೋದ. ಎಲ್ಲವೂ ಹೂವಿನ ಬಟ್ಟೆಯವು, ಗಂಡಸು ಹಾಕಿಕೊಳ್ಳುವಂಥದ್ದು ಒಂದೂ ಇರಲಿಲ್ಲ. ಪೇಪರಿನ ತಾಲ್ಲೂಕು ಪುಟದಲ್ಲಿ ಬಾಡಿಗೆ ನಿಲ್ಲಿಸಿದ ಸುದ್ದಿ ಬಂತು. ಜೊತೆಗೆ ಅವಳ ಫೋಟೋ. ಗಂಗಾಧರಯ್ಯ ಅದನ್ನು ಮತ್ತೆ ಮತ್ತೆ ಓದಿದ. ಪಂಚಾಯಿತಿ ಬೋರ್ಡಿನಲ್ಲಿ, ಕರಪತ್ರದಲ್ಲಿ, ಎಲ್ಲ ಕಡೆ ಅವನು ವನಜಾಕ್ಷಿ ಗಂಗಾಧರಯ್ಯ ಎಂದೇ ಬರೆಸುತ್ತಿದ್ದ. ಪೇಪರಿನವರು ಬರೀ ಅಧ್ಯಕ್ಷೆ ವನಜಾಕ್ಷಿ ಎಂದು ಬರೆದಿದ್ದರು. ಜಾಗ ಸಾಲದೆ ಬಿಟ್ಟಿರಬಹುದು ಎಂದುಕೊಂಡ. ಕೆಳಗೆ ಬೇಕಾದಷ್ಟು ಜಾಗವಿತ್ತು.

ಅದೇ ದಿನ ನವೀನ್ ಕುಮಾರ್ ಬಂದ. ಗಂಗಾಧರಯ್ಯನ ಮೂರು ಅಂಗಡಿಗಳಲ್ಲಿ ಒಂದರಲ್ಲಿ ಮೊಬೈಲ್ ರಿಪೇರಿ ಇಟ್ಟುಕೊಂಡಿದ್ದವನು.

"ಅಣ್ಣ, ಅಕ್ಕ ಪಂಚಾಯ್ತಿ ಮಳಿಗೆಗೆಲ್ಲ ಬಾಡಿಗೆ ನಿಲ್ಸವ್ರೆ. ನಮ್ಮದೂ ಒಂಚೂರು..."

"ನನ್ನ ಅಂಗಡಿ ಪಂಚಾಯ್ತಿದೇನ್ಲಾ?"

"ಅಲ್ಲಣ್ಣ, ರಸ್ತೆ ಆ ಕಡೆಯೋರಿಗೆ ಒಂದು, ಈ ಕಡೆಯೋರಿಗೆ ಒಂದಾ ಅಂತ. ನಾವೂ ಬಾಗಿಲು ಹಾಕ್ಕಂಡೇ ಕುಂತಿದೀವಿ."

"ಆ ಕಡೆ ಬೇಕಾದ್ರೆ ಆ ಕಡೆಗೇ ಹೋಗು," ಎಂದ ಗಂಗಾಧರಯ್ಯ.

ನವೀನ್ ಹೋದದ್ದು ವನಜಾಕ್ಷಿಯ ಹತ್ತಿರ. ಅವಳು ಹಿತ್ತಲಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಈಗ ಅವಳು ಒಳಗೆ ಬಂದು ತನ್ನನ್ನು ಕೇಳಿಕೊಳ್ಳುತ್ತಾಳೆ, ಬುಡ್ರಿ ಪಾಪ, ಎನ್ನುತ್ತಾಳೆ, ತಾನು ಒಂದೆರಡು ದಿನ ಸತಾಯಿಸಿ ಆಮೇಲೆ ಒಪ್ಪಬೇಕು ಎಂದು ಗಂಗಾಧರಯ್ಯ ಲೆಕ್ಕ ಹಾಕಿದ. ವನಜಾಕ್ಷಿ ನವೀನನಿಗೆ, "ಅದು ಅವರ ಅಂಗಡಿ ಕಣಪ್ಪ. ಪಂಚಾಯ್ತಿ ಅದ್ರಾಗೆ ಕೈ ಹಾಕಂಗಿಲ್ಲ, ನಾನೂ ಹಾಕಲ್ಲ," ಎಂದು ಹೇಳಿ ಕಳಿಸಿಬಿಟ್ಟಳು. ಸಂಜೆ ಅವನಿಗೆ ಮುದ್ದೆ ಇಕ್ಕುವಾಗಲೂ ಆ ಮಾತು ಎತ್ತಲಿಲ್ಲ. ಬೇಡಿಕೊಳ್ಳಲೂ ತಾನು ಬೇಡವಾದೆನಲ್ಲ ಎಂದುಕೊಂಡು ಅವನು ಅರ್ಧ ಮುದ್ದೆ ಬಿಟ್ಟು ಎದ್ದ.

ಅವನು ಮೊದಲು ಚೇತನನ ಹತ್ತಿರ ಹೋಗಿ, ಆ ನಿರ್ಣಯಕ್ಕೆ ನೀನೊಂದು ತಕರಾರು ಹಾಕು ಎಂದ. ಚೇತನ್, "ನಿಮ್ಮನೇಲೇ ಮಾತಾಡ್ಕಳಿ ಅಣ್ಣ," ಎಂದು ಕೈಮುಗಿದ. ಜೂನ್ ಮೊದಲ ವಾರದಲ್ಲಿ ಗಂಗಾಧರಯ್ಯ ಗೊಬ್ಬರ ತರುವ ನೆಪ ಹೇಳಿ ಕೊರಟಗೆರೆಗೆ ಹೋದ. ಹೋಗಿದ್ದು ತಾಲ್ಲೂಕು ಪಂಚಾಯಿತಿ ಕಚೇರಿಗೆ. ಹುಣಸೇಗುಟ್ಟೆ ಪಂಚಾಯಿತಿ ತನಗಿಲ್ಲದ ಅಧಿಕಾರ ಚಲಾಯಿಸಿ ಬಾಡಿಗೆ ನಿಲ್ಲಿಸಿದೆ, ಆದಾಯಕ್ಕೆ ನಷ್ಟವಾಗುತ್ತಿದೆ, ನಿರ್ಣಯವನ್ನು ರದ್ದು ಮಾಡಬೇಕು ಎಂದು ಅರ್ಜಿ ಬರೆದುಕೊಂಡಿದ್ದ.

ಗುಮಾಸ್ತರು ಓದಿ, "ನೀವು ಯಾರು?" ಎಂದು ಕೇಳಿದರು.

ಬಾಯಿಗೆ ಬಂದದ್ದು ಅದೇ. "ಅಧ್ಯಕ್ಷರ ಯಜಮಾನರು."

ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು. "ಯಜಮಾನರು ಅಂತ ಅರ್ಜಿ ಕೊಡೋಕಾಗಲ್ಲ. ಗ್ರಾಮಸ್ಥರು ಅಂತ ಬರೀರಿ."

ಅವನು ಹೊಡೆದು ಹಾಕಿ ಗ್ರಾಮಸ್ಥ ಎಂದು ಬರೆದ. ಹಿಂದಕ್ಕೆ ಬರುವಾಗ ದಾರಿಯುದ್ದಕ್ಕೂ ಒಂದು ಥರ ಹಗುರವೆನಿಸಿತು. ಗೊಬ್ಬರ ತರುವುದು ಮರೆತೇ ಹೋಗಿತ್ತು; ಅಂಗಡಿ ಮುಚ್ಚಿತ್ತು ಎಂದು ಮನೆಯಲ್ಲಿ ಹೇಳಿದ.

ಹತ್ತು ಹದಿನೈದು ದಿನಕ್ಕೆ ಬಿಂದುಶ್ರೀ ಫೋನು ಮಾಡಿ ವಿಷಯ ತಿಳಿಸಿದಳು. ಯಾರೋ ಆಕ್ಷೇಪಣೆ ಹಾಕಿದ್ದಾರೆ, ವಿಚಾರಣೆ ಮುಗಿಯುವವರೆಗೆ ನಿರ್ಣಯಕ್ಕೆ ತಡೆ ಇದೆ, ಅಧ್ಯಕ್ಷರು ಕಾರ್ಯನಿರ್ವಾಹಕ ಅಧಿಕಾರಿಗಳ ಮುಂದೆ ಬಂದು ವಿವರಣೆ ಕೊಡಬೇಕು. ಯಾರು ಹಾಕಿದ್ದೆಂದು ಅವಳಿಗೂ ತಿಳಿದಿರಲಿಲ್ಲ. ವನಜಾಕ್ಷಿ ಫೋನು ಇಟ್ಟು ಗಂಡನ ಕಡೆ ತಿರುಗಿದಳು.

"ರೀ, ಬಸ್ ಇನ್ನೂ ಬುಟ್ಟಿಲ್ಲ. ನಾಳೆ ಕೊರಟಗೆರೆಗೆ ಕರ್ಕಂಡು ಹೋಗ್ತೀರಾ?"

ಇಲ್ಲ ಎನ್ನಲು ಅವನಿಗೆ ಕಾರಣ ಹೊಳೆಯಲಿಲ್ಲ.

ಬೆಳಿಗ್ಗೆ ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು ಬೈಕಿನ ಹಿಂದೆ ಕೂತಳು. ಹೊಳವನಹಳ್ಳಿ ದಾಟಿದ ಮೇಲೆ ರಸ್ತೆ ಖಾಲಿಯಿತ್ತು. ಅವಳು ಅವನ ಬೆನ್ನ ಹಿಂದೆ ಮಾತನ್ನು ಉರು ಹೊಡೆಯತೊಡಗಿದಳು. "ಮಾನ್ಯರೇ, ಅಂತ ಶುರು ಮಾಡ್ಲಾ, ಸಾರ್ ಅನ್ಲಾ?" ಎಂದು ಕೇಳಿದಳು. "ಸಾರ್ ಅನ್ನು," ಎಂದ. ಅವಳು ಹೇಳುತ್ತಾ ಹೋದಳು. ಒಂದು ಕಡೆ ತಡೆದು, "ಈ ಅರ್ಜಿ ಹಾಕ್ದೋನು ಯಾವನೋ, ಬಸಮ್ಮನ ಹೊಟ್ಟೆ ಮೇಲೆ ಹೊಡೆದು ಅವನಿಗೇನು ಬರ್ತದೋ," ಎಂದಳು. ಗಂಗಾಧರಯ್ಯ ಎದುರಿನ ರಸ್ತೆಯನ್ನೇ ನೋಡುತ್ತಿದ್ದ. ಗಾಡಿಯನ್ನು ಎಲ್ಲಾದರೂ ನಿಲ್ಲಿಸಿ ಹೇಳಿಬಿಡೋಣ ಎನಿಸಿತು. ಅಷ್ಟರಲ್ಲಿ ಅವಳು ಮತ್ತೆ ಶುರು ಮಾಡಿದಳು, ಈ ಸಲ ಮೊದಲಿಗಿಂತ ಚೆನ್ನಾಗಿ. ಅದು ಚೆನ್ನಾಗಿದ್ದದ್ದೇ ಅವನ ಬಾಯಿ ಕಟ್ಟಿತು. ಎರಡು ಚುನಾವಣೆಯಲ್ಲಿ ಅವನು ಮಾಡಿದ ಭಾಷಣಗಳಲ್ಲಿ ಒಂದೂ ಇಷ್ಟು ನೇರವಾಗಿರಲಿಲ್ಲ.

ಕಚೇರಿಯಲ್ಲಿ ಬಿಂದುಶ್ರೀ ಕಾಯುತ್ತಿದ್ದಳು. ಇಬ್ಬರೂ ಒಳಗೆ ಹೋದರು. ಅವನು ಹೊರಗೆ ಬೈಕಿನ ಹತ್ತಿರವೇ ನಿಂತ. ತನ್ನನ್ನೂ ಕರೆಯಬಹುದೆಂದು ಅವನಿಗೆ ತಿಳಿದಿರಲಿಲ್ಲವೆಂದಲ್ಲ. ಕರೆಯಲಾರರು ಎಂದು ನಂಬಿಕೊಂಡಿದ್ದ. ಜವಾನ ಬಾಗಿಲಿಗೆ ಬಂದು ಕೂಗಿದ. "ಆಕ್ಷೇಪಣೆದಾರರು! ಗಂಗಾಧರಯ್ಯ, ಹುಣಸೇಗುಟ್ಟೆ!"

ಅವನು ಅಲುಗಲಿಲ್ಲ. ಬೈಕಿನ ಬೀಗದ ಕೈ ಅಂಗೈಯಲ್ಲಿತ್ತು. ಜವಾನ ಮತ್ತೆ ಕೂಗಿದ. ವನಜಾಕ್ಷಿ ಬಾಗಿಲಿಗೆ ಬಂದಳು.

"ರೀ, ಅದೇನೋ ನಿಮ್ಮ ಹೆಸ್ರು ಕರೀತಾವ್ರೆ. ಏನೋ ತಪ್ಪಾಗಿರ್ಬೇಕು, ಬಂದು ಅಲ್ಲ ಅಂತ ಹೇಳಿ," ಎಂದವಳು ಅವನ ಮುಖ ನೋಡಿ ಮಾತು ನಿಲ್ಲಿಸಿದಳು. ಆಮೇಲೆ ಅವಳು ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟಳು.

ಅಧಿಕಾರಿಗಳಿಗೆ ಇವರು ಗಂಡಹೆಂಡತಿಯೆಂದು ಗೊತ್ತಿರಲಿಲ್ಲ. ಹೇಳಿ, ಎಂದರು. ಗಂಗಾಧರಯ್ಯ ಗಂಟಲು ಸರಿಮಾಡಿಕೊಂಡು, "ಪಂಚಾಯ್ತಿಗೆ ನಷ್ಟ ಆಗ್ತದೆ ಸಾರ್. ನಿಲ್ಸಕೆ ಇವ್ರಿಗೆ ಅಧಿಕಾರ ಇಲ್ಲ," ಎಂದ. ಇವ್ರಿಗೆ ಎನ್ನುವಾಗ ಎಡಗಡೆಗೆ ನೋಡಲಿಲ್ಲ.

"ಅಧ್ಯಕ್ಷರು ಏನು ಹೇಳ್ತೀರಿ?"

ವನಜಾಕ್ಷಿಗೆ ಉರು ಹೊಡೆದದ್ದೆಲ್ಲ ಮರೆತುಹೋಗಿತ್ತೆಂದು ಕಾಣುತ್ತದೆ. ಬಿಂದುಶ್ರೀ ಮೇಜಿನ ಮೇಲಿನ ನೀರಿನ ಬಾಟಲನ್ನು ಅವಳ ಕಡೆ ಸರಿಸಿದಳು. ವನಜಾಕ್ಷಿ ಅದನ್ನು ಮುಟ್ಟದೆ ಎದ್ದು ನಿಂತಳು.

"ಅರ್ಜಿದಾರರು ಹೇಳಿದ್ದು ಸರಿ ಸಾರ್, ನಷ್ಟ ಆಗ್ತದೆ," ಎಂದಳು. "ಆದ್ರೆ ಅಂಗಡಿ ಮುಚ್ಚಿ ಅಂತ ಮೈಕು ಕಟ್ಟಿ ಸಾರಿದ್ದು ನಾವೇ. ಮುಚ್ಚಿ ಅಂದೋರೇ ಹೋಗಿ ಬಾಡಿಗೆ ಕೊಡಿ ಅಂತ ನಿಂತ್ರೆ, ಯಾವ ಮುಖ ಇಟ್ಕಂಡು ನಿಲ್ಲೋದು? ಇವತ್ತು ಖಾಲಿ ಮಾಡ್ಸಿ ಹರಾಜು ಹಾಕಿದ್ರೆ ಕೂಗೋರಾದ್ರೂ ಯಾರವ್ರೆ? ಬೀಗ ಹಾಕಿದ ಮಳಿಗೆಯಿಂದ ಪಂಚಾಯ್ತಿಗೆ ಬರೋದು ಅಷ್ಟರಲ್ಲೇ ಐತೆ. ನಾವು ಬಿಟ್ಟಿಲ್ಲ ಸಾರ್. ನಿಲ್ಸಿದೀವಿ. ಅವ್ರು ಒಲೆ ಹಚ್ಲಿ, ಮಿಷನ್ ತುಳೀಲಿ, ಆಮೇಲೆ ಕೇಳ್ತೀವಿ."

ಅಧಿಕಾರಿಗಳು ನಿರ್ಣಯದ ಪ್ರತಿ ಓದಿದರು. ಅದರಲ್ಲಿ ಒಂದು ಕಡೆ ಮನ್ನಾ ಎಂಬ ಮಾತು ನುಸುಳಿತ್ತು. "ಇದನ್ನು ತಿದ್ದಿ ಕಳಿಸಿ," ಎಂದು ಬಿಂದುಶ್ರೀಗೆ ಹೇಳಿದರು. "ಮನ್ನಾ ನಿಮ್ಮ ಕೈಲಿಲ್ಲ, ಪ್ರಸ್ತಾವ ಕಳಿಸಿದರೆ ಮೇಲಕ್ಕೆ ಹಾಕ್ತೀನಿ. ವಸೂಲಿ ಮುಂದೂಡಿರೋದಕ್ಕೆ ನನ್ನ ತಕರಾರಿಲ್ಲ. ತಡೆ ತೆಗೀತೀನಿ." ಆಮೇಲೆ ಗಂಗಾಧರಯ್ಯನ ಕಡೆ ತಿರುಗಿ, "ನಿಮಗೆ ಇದರಿಂದ ಏನ್ರೀ ತೊಂದರೆ?" ಎಂದರು.

"ಎದುರಿಗೆ ನಂದೂ ಅಂಗಡಿ ಅವೆ ಸಾರ್. ನಮ್ಮ ಬಾಡಿಗೆಯೋರೂ ಹಂಗೇ ನಿಲ್ಸಿ ಅಂತಾವ್ರೆ."

"ಪಂಚಾಯಿತಿ ಮಾತು ಪಂಚಾಯಿತಿ ಮಳಿಗೆಗಷ್ಟೇ. ನಿಮ್ಮ ಅಂಗಡಿಗೆ ನೀವೇ ಅಧ್ಯಕ್ಷರು," ಎಂದರು ಅಧಿಕಾರಿಗಳು. ಗುಮಾಸ್ತರು ನಕ್ಕರು. ಬಿಂದುಶ್ರೀ ನಗಲಿಲ್ಲ, ನೆಲ ನೋಡಿದಳು.

ಏಳುವಾಗ ಅಧಿಕಾರಿಗಳು ಸೌಜನ್ಯಕ್ಕೆ, "ಬಸ್ಸಿಲ್ಲವಲ್ಲ, ಊರಿಗೆ ಹೆಂಗೆ ಹೋಗ್ತೀರಮ್ಮ?" ಎಂದು ಕೇಳಿದರು.

"ನಮ್ಮ ಯಜಮಾನರು ಬಂದವ್ರೆ ಸಾರ್," ಎಂದಳು ವನಜಾಕ್ಷಿ, ಯಾರ ಕಡೆಗೂ ನೋಡದೆ.

ವಾಪಸು ಬರುವಾಗ ಅವಳು ಅವನ ಭುಜ ಹಿಡಿಯಲಿಲ್ಲ. ಹಿಂದಿನ ಕಂಬಿಯನ್ನು ಹಿಡಿದು ಕೂತಿದ್ದಳು. ಹೊಳವನಹಳ್ಳಿಯ ಹತ್ತಿರ ಒಂದು ಮಾವಿನ ತೋಪಿನ ಬಳಿ, "ನಿಲ್ಸಿ," ಎಂದಳು. ಇಳಿದು ರಸ್ತೆಯ ಪಕ್ಕ ನಿಂತಳು. ಅವನು ಗಾಡಿಯ ಮೇಲೇ ಇದ್ದ.

"ಹೊಟ್ಟೆಕಿಚ್ಚಾ?" ಎಂದು ಕೇಳಿದಳು.

"ಯಾರ ಮೇಲೆ? ನಿನ್ನ ಮೇಲಾ?"

"ಹೂಂ. ನನ್ನ ಮೇಲೇನೆ."

ಅವನು ರೇಗಬೇಕೆಂದಿದ್ದ. ಆದರೆ ಹೊರಟದ್ದು ಬೇರೆ. "ಎರಡು ಸಲ ನಿಂತೆ ಕಣೆ. ಮನೆಮನೆ ಬಾಗಿಲಿಗೂ ಹೋಗಿ ಹಲ್ಲು ಕಿಸಿದೆ. ನಿನ್ನ ನಿಲ್ಸಿದೋನೂ ನಾನೇ. ಈಗ ಆ ಬಸಮ್ಮನೂ ನನ್ನ ದಾಟ್ಕಂಡು ಒಳಕ್ಕೆ ಹೋಗ್ತಾಳೆ. ನಿಂಗೆ ಅದು ಹೆಂಗೆ ಬಂತು? ಯಾರು ಕಲಿಸಿದ್ರು? ನಂಗ್ಯಾಕೆ ಬರ್ಲಿಲ್ಲ?"

ವನಜಾಕ್ಷಿ ಸೆರಗಿನಿಂದ ಕತ್ತು ಒರೆಸಿಕೊಂಡಳು. "ಮದುವೆ ಆದಾಗಿಂದ ನೀವು ಜಗಲೀಲಿ ಕುಂತು ಮಾತಾಡ್ತೀರ. ನಾನು ಒಳಗೆ ರೊಟ್ಟಿ ತಟ್ಕಂಡು ಕೇಳಿಸ್ಕಳ್ತೀನಿ. ಇಲ್ಲಿ ಇವ್ರು ಇಂಗನ್ಬಾರ್ದಿತ್ತು, ನಾನಾಗಿದ್ರೆ ಹಂಗನ್ತಿದ್ದೆ ಅಂತ ಒಳಗೊಳಗೇ ಉತ್ರ ಕೊಡ್ತಿದ್ದೆ. ಚುನಾವಣೆಗೆ ನಿಂತಾಗ್ಲೂ ಅಷ್ಟೆ. ನೀವು ಸೋತಾಗ ಅತ್ಬುಟ್ಟೆ. ಅತ್ಕಂಡೇ, ನಾನು ನಿಂತಿದ್ರೆ ಗೆಲ್ತಿದ್ದೆ ಅಂತ್ಲೂ ಅಂದ್ಕಂಡೆ. ನಿಮಗೆ ಈ ನಾಕು ತಿಂಗಳಿಂದ ಉರೀತೈತೆ. ನಾನು ಅವಾಗಿಂದ ಉರ್ಕಂಡಿದೀನಿ."

ಗಂಗಾಧರಯ್ಯ ಅವಳನ್ನು ನೋಡಿದ. ಇಂಥ ಮಾತು ಅವಳೊಳಗೆ ಇತ್ತೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಕುರ್ಚಿ ನಿಮ್ದೇ, ನಾನು ಸುಮ್ನೆ ಕುಂತಿರ್ತೀನಿ ಅಂತ ಮೊದ್ಲಾಗಿದ್ರೆ ಅಂತಿದ್ದೆ," ಎಂದಳು ಅವಳು. "ಈಗ ಅನ್ನಲ್ಲ. ನಂಗೂ ರುಚಿ ಹತ್ತೈತೆ. ಆದ್ರೆ ಒಂದು, ನನ್ನನ್ನ ಗಾಡೀಲಿ ಕೂರ್ಸ್ಕಂಡು ಹೋಗಿ ನನ್ನ ಮೇಲೇ ದೂರು ಹೇಳಿದ್ರಲ್ಲ, ಅದು ನಂಗೆ ಅಷ್ಟು ಬೇಗ ಹೋಗಲ್ಲ. ನಡೀರಿ."

ಮನೆಗೆ ಬಂದ ಮೇಲೆ ಅವಳು ಎಂದಿನಂತೆ ಅಡುಗೆ ಮಾಡಿದಳು, ಬಡಿಸಿದಳು. ಮಾತು ಮಾತ್ರ ಬೇಕಾದಷ್ಟೇ. ಶಾಲೆಯಿಲ್ಲದೆ ಮನೆಯಲ್ಲೇ ಇದ್ದ ಮಗಳು ಇಬ್ಬರ ಮುಖವನ್ನೂ ನೋಡಿ ತನ್ನ ತಟ್ಟೆ ಎತ್ತಿಕೊಂಡು ಟೀವಿ ಮುಂದೆ ಹೋದಳು.

ಗಂಗಾಧರಯ್ಯನಿಗೆ ಅಧಿಕಾರಿಗಳ ಮಾತು ತಲೆಯಲ್ಲಿ ಸುತ್ತುತ್ತಿತ್ತು. ನಿಮ್ಮ ಅಂಗಡಿಗೆ ನೀವೇ ಅಧ್ಯಕ್ಷರು. ಅವರು ಅದನ್ನು ತಮಾಷೆಗೆ ಹೇಳಿದ್ದರು. ಅವನಿಗೆ ಅದರಲ್ಲಿ ಒಂದು ದಾರಿ ಕಂಡಿತು. ಪಂಚಾಯಿತಿಗೆ ನಿಲ್ಲಿಸಲು ಮಾತ್ರ ಬರುತ್ತದೆ, ಬಿಡಲು ಬರುವುದಿಲ್ಲ. ಅಧ್ಯಕ್ಷೆಯ ಕೈಲಾಗದ್ದು ತನ್ನ ಕೈಲಾಗುತ್ತದೆ. ಅವನು ಯಾರನ್ನೂ ಕೇಳಬೇಕಿಲ್ಲ, ಯಾವ ಪುಸ್ತಕವನ್ನೂ ತಿರುವಿ ಹಾಕಬೇಕಿಲ್ಲ. ಬಾಡಿಗೆದಾರರ ಕಷ್ಟ ಅವನ ಮನಸ್ಸಿನಲ್ಲಿ ಬರಲೇ ಇಲ್ಲವೆಂದಲ್ಲ. ಬಂತು, ಆದರೆ ಎರಡನೆಯದಾಗಿ ಬಂತು.

ಮರುದಿನ ನವೀನನ ಅಂಗಡಿಯ ಮುಂದೆ ತನ್ನ ಮೂವರು ಬಾಡಿಗೆದಾರರನ್ನೂ ಸೇರಿಸಿದ. "ಬಾಗಿಲು ಹಾಕಿದ್ದ ತಿಂಗಳುಗಳ ಬಾಡಿಗೆ ಬ್ಯಾಡ," ಎಂದ. "ಮುಂದಕ್ಕೆ ಹಾಕ್ತಿಲ್ಲ. ಬುಟ್ಟೇಬುಟ್ಟಿದೀನಿ. ಪಂಚಾಯ್ತಿಯೋರು ಆಮೇಲೆ ಕೇಳ್ತಾರೆ. ನಾನು ಕೇಳಲ್ಲ."

ಪಂಚಾಯ್ತಿಯೋರು ಎಂಬುದನ್ನು ರಸ್ತೆಯ ಆಚೆಗೂ ಕೇಳುವಂತೆ ಹೇಳಿದ. ನವೀನ್ ಬಾಯಿ ತೆರೆದು ನಿಂತ. ಆಮೇಲೆ ಅವನ ಮುಖ ಅರಳಿತು. "ಅಣ್ಣ, ದೊಡ್ಡ ಉಪಕಾರ ಆಯ್ತು," ಎಂದು ಕೈ ಹಿಡಿದುಕೊಂಡ. ಗಂಗಾಧರಯ್ಯ ಬಹಳ ದಿನಗಳ ಮೇಲೆ ಎದೆ ತುಂಬ ಉಸಿರು ಎಳೆದುಕೊಂಡು ಮನೆಗೆ ಬಂದ. ವನಜಾಕ್ಷಿಗೆ ತಾನಾಗಿ ಹೇಳಬಾರದು, ಊರಿನವರ ಬಾಯಲ್ಲೇ ಕೇಳಲಿ ಎಂದುಕೊಂಡ.

ಊರಿನವರು ಸಂಜೆಗೇ ಬಂದರು. ನವೀನ್, ಜೊತೆಗೆ ಇನ್ನಿಬ್ಬರು ಬಾಡಿಗೆದಾರರು, ಹಿಂದೆ ಸುದ್ದಿ ಕೇಳಿ ಬಂದ ಬಸವಮ್ಮ. ಕೈಯಲ್ಲಿ ಒಂದು ಚೀಲ ಮಾವಿನ ಹಣ್ಣು. ಗಂಗಾಧರಯ್ಯ ಒಳಕೋಣೆಯಲ್ಲಿ ಅಂಗಿ ಬದಲಿಸುತ್ತಿದ್ದ. ಹೊರಗೆ ವನಜಾಕ್ಷಿಯ ಮುಂದೆ ಚೀಲ ಇಟ್ಟ ಸದ್ದಾಯಿತು.

"ಅಕ್ಕ, ನಿಮ್ಮಿಂದ ಬದುಕಿಕೊಂಡ್ವಿ," ಎಂದ ನವೀನ್. "ಆವತ್ತು ನಾನು ಕೈ ಹಾಕಲ್ಲ ಅಂದ್ರಿ. ಆದ್ರೂ ನೀವು ಬುಡಲ್ಲ ಅಂತ ನಂಗೆ ಗೊತ್ತಿತ್ತು."

"ಏನಾಯ್ತು?"

"ಅಣ್ಣನ ಕೈಲಿ ಬಾಡಿಗೆ ಬಿಡ್ಸಿದ್ರಲ್ಲ."

ವನಜಾಕ್ಷಿ, "ನಾನೊಂದು ಮಾತೂ ಆಡಿಲ್ಲ ಕಣಪ್ಪ. ನಂಗೆ ಗೊತ್ತೇ ಇಲ್ಲ. ಅವ್ರೇ ಬಿಟ್ಟಿರೋದು," ಎಂದಳು.

"ನೀವು ಹಂಗೇ ಅಂತೀರ ಬುಡಿ," ಎಂದು ನವೀನ್ ನಕ್ಕ. "ನಿಮ್ಮ ದೊಡ್ಡತನ," ಎಂದಳು ಬಸವಮ್ಮ.

ಗಂಗಾಧರಯ್ಯ ಅರ್ಧ ಗುಂಡಿ ಹಾಕಿದ ಅಂಗಿಯಲ್ಲೇ ಹೊರಗೆ ಬಂದ. "ನಾನೇ ಬುಟ್ಟಿದ್ದು ಕಣ್ಲಾ! ಯಾರೂ ಹೇಳಿಲ್ಲ ನಂಗೆ!"

"ಹೌದು ಬುಡಣ್ಣ, ನೀವೇ," ಎಂದ ನವೀನ್, ಹಟ ಮಾಡುವ ಮಗುವಿಗೆ ಹೇಳುವಂತೆ. ಅವರೆಲ್ಲ ಅಧ್ಯಕ್ಷೆಗೆ ಕೈಮುಗಿದು, ಅವನಿಗೂ ಮುಗಿದು ಹೊರಟರು.

ಅವರು ಬೀದಿಯ ತಿರುವು ದಾಟುವವರೆಗೆ ವನಜಾಕ್ಷಿ ತಡೆದುಕೊಂಡಿದ್ದಳು. ಆಮೇಲೆ ಅವಳಿಗೆ ನಗು ಬಂತು. ಬಾಯಿಗೆ ಸೆರಗು ಹಿಡಿದರೂ ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಗಂಗಾಧರಯ್ಯನಿಗೆ ಸಿಟ್ಟು ಬರಬೇಕಿತ್ತು. ಅವನು ಕಂಬಕ್ಕೊರಗಿ ಕೂತ.

"ನೀನಾದ್ರೂ ನಂಬ್ತೀಯಾ?" ಎಂದ.

"ನಂಬ್ತೀನಿ. ನಂಗೆ ತೋರ್ಸಕೇ ತಾನೆ ಬಿಟ್ಟಿದ್ದು?"

ಅವನು ಹೂಂ ಎಂದ.

"ಬಿಟ್ಟಿದ್ದಂತೂ ಬಿಟ್ರಲ್ಲ," ಎಂದು ಅವಳು ಚೀಲದಿಂದ ಒಂದು ಹಣ್ಣು ತೆಗೆದು, ಒತ್ತಿ ನೋಡಿ, ಅವನಿಗೆ ಕೊಡದೆ ತಾನೇ ಕಚ್ಚಿದಳು. "ನಾಳಿದ್ದು ಸಭೆ ಐತೆ. ನಡ್ಕಂಡೇ ಹೋಗ್ತೀನಿ, ನೀವು ಬರ್ಬೇಡಿ."